ಮತ್ತೊಮ್ಮೆ ಬರೆಯುವುದೇ? — ವೈದ್ಯಕೀಯ ಪ್ರವೇಶದ ಬಾಗಿಲುಗಳ ಕಥೆ

ನೀಟ್ ಪರೀಕ್ಷೆಯ ಫಲಿತಾಂಶ ಹೊರಬಿದ್ದ ವಾರದಲ್ಲಿ ನಮ್ಮ ಸಂಘದ ಸದಸ್ಯರ ಮನೆಗಳಲ್ಲಿ ಎಲ್ಲಾದರೂ ಒಂದು ಕಡೆ ಈ ಮಾತು ನಡೆದೇ ಇರುತ್ತದೆ: ಇನ್ನೊಂದು ವರ್ಷ ಕೂರಿಸುವುದೋ, ಬೇರೆ ಯಾವುದಾದರೂ ಕೋರ್ಸಿಗೆ ಸೇರಿಸಿಬಿಡುವುದೋ? ತಂದೆ ಖರ್ಚಿನ ಲೆಕ್ಕ ಹಾಕುತ್ತಾರೆ, ತಾಯಿ ಮಗಳ ಮುಖ ನೋಡುತ್ತಾರೆ, ಊರಿನಿಂದ ಸೋದರಮಾವ ಫೋನು ಮಾಡಿ ಅಲ್ಲಿಯ ಯಾರದೋ ಮಗ ಎರಡನೆಯ ಸಲಕ್ಕೆ ಸೀಟು ಹೊಡೆದ ಸುದ್ದಿ ಹೇಳುತ್ತಾರೆ. ಮಗಳು ಮಾತ್ರ ಕೋಣೆಯ ಬಾಗಿಲು ಹಾಕಿಕೊಂಡು ಕೂತಿರುತ್ತಾಳೆ. ಈ ಚರ್ಚೆಯಲ್ಲಿ ಅಂಕಗಳ ಮಾತು, ಕೋಚಿಂಗ್ ಸಂಸ್ಥೆಗಳ ಮಾತು ಸಾಕಷ್ಟು ಬರುತ್ತದೆ. ಬಾರದಿರುವುದು ಈ ಪರೀಕ್ಷೆಯ ಚರಿತ್ರೆ. ಎಪ್ಪತ್ತು ವರ್ಷಗಳಲ್ಲಿ ವೈದ್ಯಕೀಯ ಕಾಲೇಜಿನ ಬಾಗಿಲು ಹೇಗೆ ಹೇಗೆ ತೆರೆಯಿತು, ಯಾರಿಗೆ ಮುಚ್ಚಿತು ಎಂಬುದನ್ನು ನೋಡಿದರೆ ‘ಇನ್ನೊಂದು ಸಲ’ ಎಂಬ ಮಾತಿನ ಅರ್ಥವೇ ಕಾಲದಿಂದ ಕಾಲಕ್ಕೆ ಬದಲಾಗಿರುವುದು ಕಾಣುತ್ತದೆ. ಹಿಂದೆ ಎರಡನೆಯ ಅವಕಾಶವೆಂದರೆ ಅದೇ ವರ್ಷ ಮತ್ತೊಂದು ಬಾಗಿಲನ್ನು ತಟ್ಟುವುದು. ಈಗ ಅದೇ ಬಾಗಿಲಿಗೆ ಮುಂದಿನ ವರ್ಷ ಬಂದು ನಿಲ್ಲುವುದು. ನಮ್ಮ ಮಕ್ಕಳ ತಲೆಯ ಮೇಲಿರುವ ಭಾರದಲ್ಲಿ ಬಹುಪಾಲು ಈ ಒಂದು ವ್ಯತ್ಯಾಸದಿಂದ ಬಂದದ್ದು ಎಂಬುದು ನನ್ನ ಅಭಿಪ್ರಾಯ.

ಮೊದಲು ಹಳೆಯ ಕಾಲದ ಮಾತು. ಕನ್ನಡ ನಾಡಿನ ಮೊದಲ ವೈದ್ಯಕೀಯ ಕಾಲೇಜು 1924ರಲ್ಲಿ ಮೈಸೂರು ಸಂಸ್ಥಾನದ ಆಶ್ರಯದಲ್ಲಿ ಬೆಂಗಳೂರಿನಲ್ಲಿ ಪ್ರಾರಂಭವಾಗಿ 1930ರಲ್ಲಿ ಮೈಸೂರಿಗೆ ಸ್ಥಳಾಂತರವಾಯಿತು. ಸಂಸ್ಥಾನದ ಹೊರಗಿದ್ದ ಕನ್ನಡಿಗರ ಪಾಡು ಬೇರೆ. ಧಾರವಾಡ, ಬೆಳಗಾವಿಗಳ ಹುಡುಗರು ಮುಂಬಯಿಯ ಕಡೆ ನೋಡಬೇಕಿತ್ತು. ಮಂಗಳೂರಿನವರು ಮದರಾಸಿಗೆ, ಕಲಬುರ್ಗಿಯವರು ಹೈದರಾಬಾದಿಗೆ ಹೋಗಬೇಕಿತ್ತು. ಏಕೀಕರಣಕ್ಕೆ ಮೊದಲು ಹೊರನಾಡಿಗೆ ಹೋಗಿ ನೆಲೆಸಿದ ಕನ್ನಡ ವೈದ್ಯರಲ್ಲಿ ಎಷ್ಟೋ ಮಂದಿ ಹೀಗೆ ಓದಲು ಹೋದವರೇ. 1953ರಲ್ಲಿ ಮಣಿಪಾಲದ ಕಾಲೇಜು, 1955ರಲ್ಲಿ ಬೆಂಗಳೂರಿನದು, 1957ರಲ್ಲಿ ಹುಬ್ಬಳ್ಳಿಯದು, 1961ರಲ್ಲಿ ಬಳ್ಳಾರಿಯದು, 1963ರಲ್ಲಿ ಬೆಳಗಾವಿ ಮತ್ತು ಕಲಬುರ್ಗಿಯವು, 1965ರಲ್ಲಿ ದಾವಣಗೆರೆಯದು ಬಂದವು. ಅಲ್ಲಿಯವರೆಗೆ ಸೀಟು ಸಿಗುವುದು ಬಿಡುವುದು ಹುಡುಗನ ಬುದ್ಧಿಗಿಂತ ಅವನ ಊರು ಯಾವ ಆಡಳಿತದ ಕೆಳಗಿತ್ತು ಎಂಬುದನ್ನು ಹೆಚ್ಚಾಗಿ ಅವಲಂಬಿಸಿತ್ತು.

ಮದರಾಸಿನಲ್ಲಿ ‘ಕಮ್ಯುನಲ್ ಜಿ.ಓ.’ ಎಂಬ ಆಜ್ಞೆಯಿತ್ತು. ಪ್ರತಿ 14 ಸೀಟುಗಳಲ್ಲಿ ಬ್ರಾಹ್ಮಣೇತರ ಹಿಂದೂಗಳಿಗೆ 6, ಹಿಂದುಳಿದ ಹಿಂದೂಗಳಿಗೆ 2, ಬ್ರಾಹ್ಮಣರಿಗೆ 2, ಹರಿಜನರಿಗೆ 2, ಆಂಗ್ಲೋ ಇಂಡಿಯನ್ ಹಾಗೂ ಭಾರತೀಯ ಕ್ರೈಸ್ತರಿಗೆ 1, ಮುಸಲ್ಮಾನರಿಗೆ 1 ಎಂದು ಹಂಚಿಕೆ. ಆಗ ದಕ್ಷಿಣ ಕನ್ನಡ ಮದರಾಸಿಗೆ ಸೇರಿದ್ದರಿಂದ ಅಲ್ಲಿಯ ವಿದ್ಯಾರ್ಥಿಗಳೂ ಈ ಲೆಕ್ಕದೊಳಗಿನವರೇ. 1951ರಲ್ಲಿ ಚಂಪಕಂ ದೊರೈರಾಜನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಆಜ್ಞೆಯನ್ನು ರದ್ದುಪಡಿಸಿತು. ಅದೇ ವರ್ಷ ಸಂವಿಧಾನದ ಮೊದಲ ತಿದ್ದುಪಡಿಯಾಗಿ 15ನೆಯ ಅನುಚ್ಛೇದಕ್ಕೆ ನಾಲ್ಕನೆಯ ಉಪಖಂಡ ಸೇರಿತು. ಗಣರಾಜ್ಯದ ಎರಡನೆಯ ವರ್ಷದಲ್ಲೇ ಸಂವಿಧಾನಕ್ಕೆ ತಿದ್ದುಪಡಿ ತರಿಸಿದ ಕಾರಣಗಳಲ್ಲಿ ಮೆಡಿಕಲ್ ಸೀಟೂ ಒಂದು ಎಂಬುದನ್ನು ನಾವು ಮರೆಯುತ್ತೇವೆ.

ಮೈಸೂರು ರಾಜ್ಯದಲ್ಲೂ ಸೀಟಿನ ಜಗಳ ದಿಲ್ಲಿಯವರೆಗೆ ಹೋಯಿತು. 1962ರ ಸರ್ಕಾರಿ ಆಜ್ಞೆಯ ಪ್ರಕಾರ ಮೆಡಿಕಲ್ ಮತ್ತು ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಒಟ್ಟು ಮೀಸಲಾತಿ ಶೇಕಡಾ 68ಕ್ಕೆ ಮುಟ್ಟಿದಾಗ ಬಾಲಾಜಿ ಪ್ರಕರಣ ಬಂತು. ಅದೇ ವರ್ಷ ಆ ಆಜ್ಞೆ ಬಿದ್ದುಹೋಯಿತು. 1964ರಲ್ಲಿ ಚಿತ್ರಲೇಖಾ ಪ್ರಕರಣ. ಆಗ ಮೈಸೂರಿನಲ್ಲಿ ಐಚ್ಛಿಕ ವಿಷಯಗಳ ಗರಿಷ್ಠ ಅಂಕಗಳ ಶೇಕಡಾ 25ರಷ್ಟನ್ನು ಸಂದರ್ಶನಕ್ಕೆ ಇಟ್ಟಿದ್ದರು. ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದವರು ಸಂದರ್ಶನದ ಕೋಣೆಯಿಂದ ಹೊರಬರುವ ಹೊತ್ತಿಗೆ ಹಿಂದೆ ಬಿದ್ದಿರುತ್ತಿದ್ದರು. ಆದರೂ ಸಂದರ್ಶನದ ಪದ್ಧತಿ ಸಂವಿಧಾನಕ್ಕೆ ವಿರುದ್ಧವಲ್ಲ ಎಂದೇ ತೀರ್ಪಾಯಿತು. ಈಗಿನ ಮಕ್ಕಳಿಗೆ ನಂಬಲು ಕಷ್ಟ. ನಾಲ್ಕು ಜನ ದೊಡ್ಡವರ ಮುಂದೆ ಕೆಲವು ನಿಮಿಷ ಕುಳಿತು ಪಡೆಯುವ ಅಂಕಕ್ಕೆ ‘ಮುಂದಿನ ವರ್ಷ ಚೆನ್ನಾಗಿ ತಯಾರಿ ಮಾಡಿ ಬರುತ್ತೇನೆ’ ಎಂದು ಯಾರು ತಾನೇ ಹೇಳಿಯಾರು? ಗಣಕಯಂತ್ರ ತಿದ್ದುವ ಉತ್ತರಪತ್ರಿಕೆಯನ್ನು ಬೈಯುವವರು ಈ ಕಾಲವನ್ನೊಮ್ಮೆ ನೆನೆಯಬೇಕು.

ನಮ್ಮಂಥ ಹೊರನಾಡಿನವರಿಗೆ ಇದಕ್ಕಿಂತ ಹತ್ತಿರದ್ದು 1971ರ ವಸುಂಧರಾ ಪ್ರಕರಣ. ಮೈಸೂರು ಸರ್ಕಾರದ ವೈದ್ಯಕೀಯ ಕಾಲೇಜುಗಳಿಗೆ ಅರ್ಜಿ ಹಾಕಬೇಕಾದರೆ ಅಭ್ಯರ್ಥಿ ರಾಜ್ಯದಲ್ಲಿ ಹಿಂದೆ ಯಾವಾಗಲಾದರೂ ಸರಿ, ಒಟ್ಟು ಹತ್ತು ವರ್ಷಕ್ಕೆ ಕಡಿಮೆಯಿಲ್ಲದೆ ವಾಸವಾಗಿರಬೇಕೆಂಬ ನಿಯಮವಿತ್ತು. ಅದನ್ನು ಪ್ರಶ್ನಿಸಿದ ವಿದ್ಯಾರ್ಥಿನಿಗೆ ಸರ್ವೋಚ್ಚ ನ್ಯಾಯಾಲಯದಲ್ಲಿ ಜಯ ಸಿಗಲಿಲ್ಲ. ರಾಜ್ಯದ ಖರ್ಚಿನಲ್ಲಿ ಓದಿದವರು ರಾಜ್ಯದಲ್ಲೇ ನಿಂತು ಸೇವೆ ಮಾಡಲಿ ಎಂಬ ಉದ್ದೇಶ ಸರಿಯಾದದ್ದೇ, ಯಾವ ನಿಯಮ ಮಾಡಿದರೂ ಕೆಲವರಿಗೆ ಕಷ್ಟವಾಗುತ್ತದೆ, ಅಷ್ಟಕ್ಕೇ ನಿಯಮ ಬೀಳುವುದಿಲ್ಲ ಎಂಬುದು ತೀರ್ಪಿನ ಸಾರ. ಇದಕ್ಕೂ ಮುಂಚೆ, 1955ರಲ್ಲಿ, ಇಂದೂರಿನ ವೈದ್ಯಕೀಯ ಕಾಲೇಜು ಹೊರಗಿನವರಿಂದ ಮಾತ್ರ ಹೆಚ್ಚುವರಿ ಶುಲ್ಕ ವಸೂಲು ಮಾಡುತ್ತಿದ್ದುದನ್ನೂ ನ್ಯಾಯಾಲಯ ಒಪ್ಪಿತ್ತು. ಜನ್ಮಸ್ಥಳದ ಮೇಲೆ ಭೇದ ಮಾಡಬಾರದು, ವಾಸಸ್ಥಳದ ಮೇಲೆ ಮಾಡಬಹುದು ಎಂಬ ಸೂಕ್ಷ್ಮ ಅಲ್ಲಿಂದ ಬಂದದ್ದು. ಮೂರು ವರ್ಷಕ್ಕೊಮ್ಮೆ ವರ್ಗಾವಣೆಯ ಕಾಗದ ಹಿಡಿದು ಟ್ರಂಕು ಕಟ್ಟುವವರ ಮಕ್ಕಳು ಈ ಸೂಕ್ಷ್ಮದ ಸಂದಿಯಲ್ಲಿ ಸಿಕ್ಕಿಕೊಂಡವರು.

ಆ ಕಾಲದಲ್ಲಿ ಬಹಳಷ್ಟು ಕಡೆ ಪ್ರತ್ಯೇಕ ಪ್ರವೇಶ ಪರೀಕ್ಷೆಯೇ ಇರಲಿಲ್ಲ. ಪಿ.ಯು.ಸಿ. ಅಂಕಗಳೇ ಎಲ್ಲ. ಅಂಕಪಟ್ಟಿ ಒಮ್ಮೆ ಕೈಗೆ ಬಂದರೆ ಅದೇ ಹಣೆಬರಹ. ಸೀಟು ಸಿಗದ ಹುಡುಗ ಬಿ.ಎಸ್‌ಸಿ.ಗೆ ಸೇರುತ್ತಿದ್ದ. ಮನೆಯವರು ಅದನ್ನು ಸೋಲೆಂದು ತಿಳಿಯುತ್ತಿರಲಿಲ್ಲ, ವರ್ಷ ಹಾಳಾಯಿತೆಂದೂ ಕೊರಗುತ್ತಿರಲಿಲ್ಲ. ಈಗಿನ ಹಾಗೆ ಮನೆಯಲ್ಲೇ ಕುಳಿತು ಎರಡನೆಯ ಸಲ, ಮೂರನೆಯ ಸಲ ಎಂದು ಎಣಿಸುವುದಿರಲಿಲ್ಲ. ಪ್ರವೇಶ ಪರೀಕ್ಷೆಗಳು ಬಂದ ಮೇಲೂ ಬಿ.ಎಸ್‌ಸಿ. ತರಗತಿ ಬಹಳ ವರ್ಷ ಅರ್ಧ ತಂಗುದಾಣವಾಗಿಯೇ ಉಳಿಯಿತು. ನಾನು ಓದುವಾಗಲೂ ಸಸ್ಯಶಾಸ್ತ್ರದ ಪಾಠ ನಡೆಯುತ್ತಿದ್ದಾಗ ಹಿಂದಿನ ಬೆಂಚಿನಲ್ಲಿ ಸಿ.ಇ.ಟಿ. ಗೈಡು ಬಿಚ್ಚಿಕೊಂಡವರು ಮೂರು ನಾಲ್ಕು ಮಂದಿ ಇದ್ದೇ ಇರುತ್ತಿದ್ದರು. ಸೀಟು ಸಿಕ್ಕವರು ವರ್ಷದ ಮಧ್ಯೆ ಮಾಯವಾಗುತ್ತಿದ್ದರು, ಸಿಗದವರು ಡಿಗ್ರಿ ಮುಗಿಸುತ್ತಿದ್ದರು. ಎರಡನೆಯ ಪ್ರಯತ್ನಕ್ಕೆ ಹೀಗೆ ಕಾಲಿಗೊಂದು ನೆಲವಿತ್ತು.

ಹಣವಿದ್ದವರಿಗೆ ಇನ್ನೊಂದು ಬಾಗಿಲು. ಕರ್ನಾಟಕದಲ್ಲಿ ಖಾಸಗಿ ವೈದ್ಯಕೀಯ ಕಾಲೇಜುಗಳು ಬೆಳೆದಂತೆ ‘ಕ್ಯಾಪಿಟೇಷನ್’ ಎಂಬ ಶಬ್ದ ದೇಶದ ಮೂಲೆಮೂಲೆಗೂ ಹಬ್ಬಿತು. ಉತ್ತರದ ಎಷ್ಟೋ ಕುಟುಂಬಗಳಿಗೆ ನಮ್ಮ ನಾಡು ಪರಿಚಯವಾದದ್ದೇ ಈ ದಾರಿಯಿಂದ. 1984ರಲ್ಲಿ ರಾಜ್ಯ ಶಾಸನಸಭೆ ಕ್ಯಾಪಿಟೇಷನ್ ಶುಲ್ಕವನ್ನು ನಿಷೇಧಿಸುವ ಕಾನೂನು ಮಾಡಿತು. ಆದರೆ 1989ರ ಅಧಿಸೂಚನೆಯೊಂದು ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಉಳಿದ ಸೀಟುಗಳಲ್ಲಿ ಕರ್ನಾಟಕದವರಿಗೆ 25,000, ಹೊರಗಿನವರಿಗೆ 60,000 ಎಂದು ಮೂರು ದರ ಕಟ್ಟಿತು. ಉತ್ತರ ಪ್ರದೇಶದ ಮೀರತ್ತಿನ ಮೋಹಿನಿ ಜೈನ್ ತುಮಕೂರಿನ ಒಂದು ಕಾಲೇಜಿನ ಸೀಟಿಗಾಗಿ ಈ ಅರವತ್ತು ಸಾವಿರದ ವಿರುದ್ಧ ಹೋರಾಡಿದಳು. 1992ರ ಜುಲೈನಲ್ಲಿ ಬಂದ ತೀರ್ಪು ಶಿಕ್ಷಣ ಪ್ರಜೆಯ ಹಕ್ಕು ಎಂದು ಸಾರಿತು. ಮರುವರ್ಷವೇ ಉನ್ನಿಕೃಷ್ಣನ್ ಪ್ರಕರಣದಲ್ಲಿ ಖಾಸಗಿ ಕಾಲೇಜುಗಳ ಅರ್ಧ ಸೀಟು ಕಡಿಮೆ ಶುಲ್ಕಕ್ಕೆ, ಅರ್ಧ ಸೀಟು ಹೆಚ್ಚಿನ ಶುಲ್ಕಕ್ಕೆ, ಎರಡೂ ಅರ್ಹತೆಯ ಕ್ರಮದಲ್ಲೇ ಎಂಬ ವ್ಯವಸ್ಥೆಯಾಯಿತು. ಅದರ ಹಿಂದೆಯೇ, 1994ರಲ್ಲಿ, ಕರ್ನಾಟಕದಲ್ಲಿ ಸಿ.ಇ.ಟಿ. ಘಟಕ ಸ್ಥಾಪನೆಯಾಯಿತು. ಹಳ್ಳಿಯ ಶಾಲಾ ಮಾಸ್ತರರ ಮಕ್ಕಳು ಬೆಂಗಳೂರಿನ ಕೌನ್ಸೆಲಿಂಗ್ ಸಭಾಂಗಣದಲ್ಲಿ ಕುಳಿತು ತಾವೇ ಕಾಲೇಜು ಆರಿಸಿಕೊಂಡದ್ದು ಸಣ್ಣ ಸಂಗತಿಯಲ್ಲ.

ಹೊರನಾಡಿನವರಿಗೆ ನಿಜವಾಗಿ ಕಿಟಕಿ ತೆರೆದದ್ದು 1984ರ ಜೂನ್ 22ರ ಪ್ರದೀಪ್ ಜೈನ್ ತೀರ್ಪು. ನ್ಯಾಯಮೂರ್ತಿ ಪಿ.ಎನ್. ಭಗವತಿಯವರು ಭಾರತದಲ್ಲಿ ಇರುವುದು ಒಂದೇ ‘ಡೊಮಿಸೈಲ್’, ಅದು ಭಾರತದ್ದು, ರಾಜ್ಯಕ್ಕೊಂದು ಬೇರೆ ಬೇರೆ ಇಲ್ಲ ಎಂದು ಹೇಳಿ, ಎಂ.ಬಿ.ಬಿ.ಎಸ್. ಸೀಟುಗಳಲ್ಲಿ ಕನಿಷ್ಠ ಶೇಕಡಾ 30ನ್ನು ಇಡೀ ದೇಶದ ವಿದ್ಯಾರ್ಥಿಗಳಿಗೆ ತೆರೆದಿಡಬೇಕೆಂದರು. ರಾಜ್ಯಗಳು ಗೊಣಗಿದವು. 1986ರಲ್ಲಿ ದಿನೇಶ್ ಕುಮಾರ್ ಪ್ರಕರಣದಲ್ಲಿ ಈ ಪಾಲು ಶೇಕಡಾ 15ಕ್ಕೆ ಇಳಿಯಿತು. ಆ ಹದಿನೈದಕ್ಕಾಗಿ 1988ರಿಂದ ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಳಿ, ಅಂದರೆ ಸಿ.ಬಿ.ಎಸ್.ಇ., ಅಖಿಲ ಭಾರತ ಪರೀಕ್ಷೆ ನಡೆಸತೊಡಗಿತು. ಆಂಧ್ರ ಪ್ರದೇಶ ಮತ್ತು ಜಮ್ಮು ಕಾಶ್ಮೀರಗಳು ಬಹಳ ವರ್ಷ ಇದರಿಂದ ಹೊರಗಿದ್ದವು. ಆದ್ದರಿಂದ ಹೈದರಾಬಾದಿನಲ್ಲಿ ನೆಲೆಸಿದ ನಮ್ಮವರಿಗೆ ಇದರ ಪ್ರಯೋಜನ ತಡವಾಗಿ ದೊರೆಯಿತು.

ಇಲ್ಲಿಂದ ಮುಂದಿನ ಕಾಲು ಶತಮಾನವನ್ನು ಬಹು ಬಾಗಿಲುಗಳ ಕಾಲವೆನ್ನಬಹುದು. 2005ರ ಸುಮಾರಿಗೆ ಪಿ.ಯು.ಸಿ. ಮುಗಿಸಿದ ಒಬ್ಬ ಹುಡುಗಿ ಏಪ್ರಿಲ್‌ನಿಂದ ಜೂನ್‌ವರೆಗೆ ಏನೇನು ಬರೆಯಬಹುದಿತ್ತು ನೋಡಿ. ತನ್ನ ರಾಜ್ಯದ ಪರೀಕ್ಷೆ. ಅಖಿಲ ಭಾರತ ಪರೀಕ್ಷೆ. ದಿಲ್ಲಿಯ ಏಮ್ಸ್‌ನದು ಒಂದು, ಪುದುಚೇರಿಯ ಜಿಪ್ಮರ್‌ನದು ಒಂದು, ಪುಣೆಯ ಸಶಸ್ತ್ರ ಸೇನಾ ವೈದ್ಯಕೀಯ ಕಾಲೇಜಿನದು ಒಂದು, ವೆಲ್ಲೂರಿನದು ಒಂದು, ಮಣಿಪಾಲದ್ದು ಒಂದು, ಕರ್ನಾಟಕದ ಖಾಸಗಿ ಕಾಲೇಜುಗಳ ಒಕ್ಕೂಟವಾದ ಕಾಮೆಡ್‌-ಕೆಯದು ಮತ್ತೊಂದು. ಪ್ರತಿಯೊಂದಕ್ಕೂ ಅರ್ಜಿಯ ಹಣ, ರೈಲಿನ ಟಿಕೇಟು, ಲಾಡ್ಜಿನ ಬಾಡಿಗೆ. ಒಂದು ಪರೀಕ್ಷೆ ಇನ್ನೊಂದರ ದಿನಕ್ಕೇ ಬಿದ್ದು ಒದ್ದಾಟ. ಬಡವರಿಗೆ ಇದೆಲ್ಲ ಎಲ್ಲಿಂದ ಬರಬೇಕು ಎಂಬ ಟೀಕೆ ನ್ಯಾಯವಾದದ್ದೇ, ಖಾಸಗಿ ಪರೀಕ್ಷೆಗಳಲ್ಲಿ ನಡೆದ ವ್ಯವಹಾರಗಳ ಬಗ್ಗೆ ಬಂದ ದೂರುಗಳೂ ಸುಳ್ಳಲ್ಲ. ಆದರೆ ಒಂದು ಅನುಕೂಲವನ್ನು ಒಪ್ಪಲೇಬೇಕು. ಭಾನುವಾರ ಜ್ವರ ಬಂದು ಒಂದು ಪರೀಕ್ಷೆ ಕೆಟ್ಟರೆ ಮುಂದಿನ ಭಾನುವಾರ ಮತ್ತೊಂದಿರುತ್ತಿತ್ತು. ವರ್ಷ ಕಳೆಯದೆಯೇ ಎರಡನೆಯ, ಮೂರನೆಯ, ನಾಲ್ಕನೆಯ ಅವಕಾಶಗಳು ಸಿಗುತ್ತಿದ್ದವು.

ಮರಳಿ ಬರೆಯುವುದು ನ್ಯಾಯವೇ ಎಂಬ ಪ್ರಶ್ನೆಯನ್ನು ಮೊದಲು ಗಟ್ಟಿಯಾಗಿ ಎತ್ತಿದ ರಾಜ್ಯ ತಮಿಳುನಾಡು. ಅಲ್ಲಿ 1984ರಿಂದ ಪ್ರವೇಶ ಪರೀಕ್ಷೆಯಿತ್ತು. ಜೊತೆಗೆ ಹನ್ನೆರಡನೆಯ ತರಗತಿಯ ಪರೀಕ್ಷೆಯನ್ನು ಇನ್ನೊಮ್ಮೆ ಬರೆದು ಅಂಕ ಹೆಚ್ಚಿಸಿಕೊಳ್ಳುವ ‘ಇಂಪ್ರೂವ್‌ಮೆಂಟ್’ ಪದ್ಧತಿಯೂ ಇತ್ತು. ವರ್ಷಪೂರ್ತಿ ಮನೆಯಲ್ಲಿ ಕುಳಿತು ಓದಿಸುವ ಶಕ್ತಿ ಇದ್ದವರಿಗೆ ಮಾತ್ರ ಇದರ ಲಾಭ ಎಂಬ ಕಾರಣಕ್ಕೆ 2005ರಲ್ಲಿ ಸರ್ಕಾರ ಪ್ರವೇಶ ಪರೀಕ್ಷೆಯ ಜೊತೆಗೆ ಇದನ್ನೂ ಕೈಬಿಡಲು ಹೊರಟಿತು. ನ್ಯಾಯಾಲಯದ ಹಗ್ಗಜಗ್ಗಾಟದ ನಂತರ ಪ್ರವೇಶ ಪರೀಕ್ಷೆ ಅಲ್ಲಿ ನಿಂತೇಹೋಯಿತು. ಹತ್ತು ವರ್ಷ ಶಾಲೆಯ ಅಂಕವೇ ಆಧಾರವಾಯಿತು.

ಇನ್ನು ನೀಟ್. ಭಾರತೀಯ ವೈದ್ಯಕೀಯ ಪರಿಷತ್ತು 2010ರ ಡಿಸೆಂಬರ್‌ನಲ್ಲಿ ಇಡೀ ದೇಶಕ್ಕೆ ಒಂದೇ ಪರೀಕ್ಷೆ ಎಂದು ಅಧಿಸೂಚನೆ ಹೊರಡಿಸಿತು. 2013ರ ಮೇ 5ರಂದು ಮೊದಲ ಪರೀಕ್ಷೆಯೂ ಆಯಿತು. ಎರಡೂವರೆ ತಿಂಗಳಲ್ಲಿ, ಜುಲೈ 18ರಂದು, ಸರ್ವೋಚ್ಚ ನ್ಯಾಯಾಲಯ ಇಬ್ಬರು ಒಬ್ಬರ ಬಹುಮತದಿಂದ ಅದನ್ನು ರದ್ದುಪಡಿಸಿತು. 2016ರ ಏಪ್ರಿಲ್ 11ರಂದು ಅದೇ ನ್ಯಾಯಾಲಯ ತನ್ನ ತೀರ್ಪನ್ನು ಹಿಂದಕ್ಕೆ ಪಡೆಯಿತು. ಆ ವರ್ಷ ಎರಡು ಹಂತದಲ್ಲಿ ಪರೀಕ್ಷೆ: ಮೇ 1ರಂದು ಒಂದು, ಜುಲೈ 24ರಂದು ಇನ್ನೊಂದು. ಮೇ 1ರಂದು ಬರೆದವರೂ ಜುಲೈಯದನ್ನು ಬರೆಯಬಹುದು, ಆದರೆ ಮೊದಲ ಪರೀಕ್ಷೆಯ ಹಕ್ಕನ್ನು ಬಿಟ್ಟುಕೊಟ್ಟ ಮೇಲೆ ಎಂಬ ಷರತ್ತು. ಕೈಯಲ್ಲಿರುವ ಹಕ್ಕಿಯನ್ನು ಹಾರಿಸಿಬಿಟ್ಟು ಪೊದೆಯತ್ತ ಕೈಚಾಚು ಎಂದ ಹಾಗೆ. ಹದಿನೇಳು ಹದಿನೆಂಟರ ಮಕ್ಕಳು ಕೆಲವೇ ವಾರಗಳಲ್ಲಿ ತೀರ್ಮಾನಿಸಬೇಕಾಯಿತು. ಈ ಗಡಿಬಿಡಿಯಲ್ಲಿ ಮೇ 24ರಂದು ಸುಗ್ರೀವಾಜ್ಞೆ ಬಂದು ಆ ಒಂದು ವರ್ಷದ ಮಟ್ಟಿಗೆ ರಾಜ್ಯಗಳ ಪಾಲಿನ ಸೀಟಿಗೆ ರಾಜ್ಯಗಳ ಪರೀಕ್ಷೆಗೇ ಅವಕಾಶವಾಯಿತು. ಕರ್ನಾಟಕ ಸಿ.ಇ.ಟಿ.ಯನ್ನೇ ಬಳಸಿತು. 2017ರಿಂದ ಎಲ್ಲವೂ ನೀಟ್. ಆ ವರ್ಷ ಪ್ರಶ್ನೆಪತ್ರಿಕೆ ಕನ್ನಡವೂ ಸೇರಿ ಹತ್ತು ಭಾಷೆಗಳಲ್ಲಿ ಬಂದದ್ದು ಸಂತೋಷದ ವಿಷಯ. 2019ರ ವೈದ್ಯಕೀಯ ಆಯೋಗದ ಕಾನೂನಿನಿಂದಾಗಿ 2020ರಿಂದ ಏಮ್ಸ್, ಜಿಪ್ಮರ್‌ಗಳ ಪ್ರತ್ಯೇಕ ಪರೀಕ್ಷೆಗಳೂ ಇಲ್ಲವಾದವು. ಉಳಿದದ್ದು ಒಂದೇ ಬಾಗಿಲು, ವರ್ಷಕ್ಕೊಂದೇ ದಿನ.

ಬಾಗಿಲು ಒಂದೇ ಆದಾಗ ಎಷ್ಟು ಸಲ ಬರಬಹುದು ಎಂಬ ಪ್ರಶ್ನೆ ಸಹಜವಾಗಿ ಎದ್ದಿತು. 2017ರ ಆರಂಭದಲ್ಲಿ ಮೂರೇ ಪ್ರಯತ್ನ ಎಂದರು. ಹಿಂದಿನವು ಲೆಕ್ಕಕ್ಕಿಲ್ಲ, ಈ ವರ್ಷದ್ದೇ ಮೊದಲನೆಯದು ಎಂದು ಆಮೇಲೆ ತಿದ್ದಿದರು. ಮುಂದೆ ಆ ಮಿತಿಯೂ ಉಳಿಯಲಿಲ್ಲ. 2018ರ ಜನವರಿಯಲ್ಲಿ ವಯಸ್ಸಿನ ಮಿತಿ ಬಂತು: ಸಾಮಾನ್ಯರಿಗೆ 25, ಮೀಸಲು ವರ್ಗಗಳಿಗೆ 30. ದಿಲ್ಲಿ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಸರ್ವೋಚ್ಚ ನ್ಯಾಯಾಲಯ ವಯಸ್ಸು ಮೀರಿದವರಿಗೂ ತಾತ್ಕಾಲಿಕವಾಗಿ ಬರೆಯಲು ಬಿಟ್ಟಿತು. ಕೊನೆಗೆ ರಾಷ್ಟ್ರೀಯ ವೈದ್ಯಕೀಯ ಆಯೋಗ 2021ರ ಅಕ್ಟೋಬರ್‌ನಲ್ಲಿ ಮೇಲಿನ ವಯೋಮಿತಿಯನ್ನೇ ತೆಗೆದುಹಾಕಲು ತೀರ್ಮಾನಿಸಿತು. ಐ.ಐ.ಟಿ. ಸೇರಲು ಬರೆಯುವ ಜೆ.ಇ.ಇ. ಅಡ್ವಾನ್ಸ್‌ಡ್‌ಗೆ ಎರಡೇ ಸಲದ ಕಟ್ಟಳೆಯಿದೆ. ಅಲ್ಲಿ ನಿಯಮವೇ ‘ಸಾಕು’ ಎನ್ನುತ್ತದೆ. ಇಲ್ಲಿ ‘ಸಾಕು’ ಎನ್ನಬೇಕಾದವರು ತಂದೆತಾಯಿ, ಇಲ್ಲವೇ ಸ್ವತಃ ಮಗು. ಅದು ಎಷ್ಟು ಕಷ್ಟದ ಮಾತೆಂದು ಬಲ್ಲವರೇ ಬಲ್ಲರು.

ಇದರ ಪರಿಣಾಮವನ್ನು ಅಂಕಿಗಳಲ್ಲಿ ನೋಡಬೇಕಾದರೆ ತಮಿಳುನಾಡು ಸರ್ಕಾರ ನೇಮಿಸಿದ್ದ ನ್ಯಾಯಮೂರ್ತಿ ಎ.ಕೆ. ರಾಜನ್ ಸಮಿತಿಯ 2021ರ ವರದಿ ಸಾಕು. ನೀಟ್ ಬರುವ ಮುಂಚೆ, 2016-17ರಲ್ಲಿ, ಅಲ್ಲಿ ವೈದ್ಯಕೀಯ ಸೀಟು ಪಡೆದವರಲ್ಲಿ ಮರಳಿ ಪ್ರಯತ್ನಿಸಿದವರು ಶೇಕಡಾ 12ರಷ್ಟು. 2020-21ರ ಹೊತ್ತಿಗೆ ಅವರೇ ಶೇಕಡಾ 71. ಅಂದರೆ ಎರಡನೆಯ ಸಲ ಬರೆಯುವುದು ಹಿಂದೆ ಬಿದ್ದವರ ಮಾರ್ಗವಾಗಿ ಉಳಿಯಲಿಲ್ಲ, ಅದೇ ರಾಜಮಾರ್ಗವಾಯಿತು. ಮೊದಲ ಸಲಕ್ಕೆ ಸೀಟು ಸಿಗದ ಮಗುವನ್ನು ‘ಫೇಲಾದವಳು’ ಎಂಬಂತೆ ನೋಡುವ ನೆಂಟರಿಗೆಲ್ಲ ಈ ಅಂಕಿಯನ್ನು ಬರೆದು ಕಳಿಸಬೇಕೆನಿಸುತ್ತದೆ. ಆದರೆ ಇದೇ ಅಂಕಿಯ ಇನ್ನೊಂದು ಮುಖವೂ ಇದೆ. ಮರಳಿ ಬರೆಯುವ ಶಕ್ತಿಯಿಲ್ಲದವರು ಪಟ್ಟಿಯಿಂದ ಹೊರಗೆ ಬಿದ್ದರು. ಕೋಟಾದ ಕಡೆ ‘ಡ್ರಾಪರ್’ ಎನ್ನುವ ಈ ವರ್ಷಕ್ಕೆ ನಮ್ಮ ಕಡೆಯಲ್ಲೂ ಆಂಧ್ರದ ಕಡೆಯಲ್ಲೂ ‘ಲಾಂಗ್ ಟರ್ಮ್’ ಎನ್ನುತ್ತಾರೆ. ಹೆಸರೇನೋ ಮುದ್ದಾಗಿದೆ. ಬಿ.ಎಸ್‌ಸಿ. ತರಗತಿಯಂಥ ನೆಲ ಮಾತ್ರ ಅದರ ಕೆಳಗಿಲ್ಲ.

ಕೇಂದ್ರ ಸರ್ಕಾರದ ನೌಕರರಿಗೆ ಇದರಲ್ಲಿ ಒಂದು ವಿಶೇಷ ಲೆಕ್ಕವಿದೆ. ಮಕ್ಕಳ ಶಿಕ್ಷಣ ಭತ್ಯೆ 2024ರ ಜನವರಿಯಿಂದ ತಿಂಗಳಿಗೆ 2,812 ರೂಪಾಯಿ 50 ಪೈಸೆಯಾಯಿತು. ಅದು ಹನ್ನೆರಡನೆಯ ತರಗತಿಯವರೆಗೆ ಮಾತ್ರ. ಲಾಂಗ್ ಟರ್ಮಿನ ವರ್ಷ ಸರ್ಕಾರದ ದೃಷ್ಟಿಯಲ್ಲಿ ಯಾವ ತರಗತಿಯೂ ಅಲ್ಲ, ಆದ್ದರಿಂದ ಆ ಹಣ ಬಾರದು. ಹಿಂದಿನವರು ಜಿ.ಪಿ.ಎಫ್.ನಿಂದ ಮುಂಗಡ ತೆಗೆಯುತ್ತಿದ್ದರು. 2004ರ ಜನವರಿಯಿಂದೀಚೆಗೆ ನೌಕರಿಗೆ ಸೇರಿದವರಿಗೆ ಆ ಖಾತೆಯೂ ಇಲ್ಲ. ಮಗಳ ಒಂದು ವರ್ಷಕ್ಕೆ ಬೆಲೆ ಕಟ್ಟಲಾಗದು ನಿಜ, ಆದರೆ ಹಾಸ್ಟೆಲು ಮತ್ತು ಕೋಚಿಂಗಿಗೆ ಬೆಲೆ ಕಟ್ಟಿಯೇ ಕಟ್ಟುತ್ತಾರೆ.

ಹಾಗಾದರೆ ಹಿಂದಿನವರ ಅನುಭವದಿಂದ ಈ ತೀರ್ಮಾನಕ್ಕೆ ಏನಾದರೂ ಸಹಾಯ ದೊರೆಯುವುದೇ? ಎರಡು ಮೂರು ಸಂಗತಿಗಳು ನನಗೆ ಮುಖ್ಯವಾಗಿ ಕಂಡಿವೆ.

ಮೊದಲನೆಯದು, ಅಂಕ ನೋಡಿ ಮೋಸ ಹೋಗಬಾರದು. 2024ರ ಮೇ 5ರಂದು ನಡೆದ ಪರೀಕ್ಷೆಗೆ 23 ಲಕ್ಷಕ್ಕೂ ಹೆಚ್ಚು ಜನ ಕುಳಿತಿದ್ದರು. ಸೀಟುಗಳು ಒಂದು ಲಕ್ಷಕ್ಕೆ ತುಸು ಮೇಲೆ. ಆ ವರ್ಷ 720ಕ್ಕೆ 650 ಮತ್ತು ಅದಕ್ಕಿಂತ ಹೆಚ್ಚು ಪಡೆದವರು ಸುಮಾರು 30 ಸಾವಿರ. 2025ರಲ್ಲಿ ಪ್ರಶ್ನೆಪತ್ರಿಕೆ ಕಠಿಣವಾಗಿತ್ತು. ದೇಶಕ್ಕೇ ಮೊದಲಿಗನ ಅಂಕ 686, ಮತ್ತು 650ನ್ನು ದಾಟಿದವರು ಕೇವಲ 73 ಮಂದಿ. 2024ರಲ್ಲಿ 600 ಪಡೆದು ‘ಇನ್ನು ಐವತ್ತು ಅಂಕ ಸಾಕು’ ಎಂದು ಕೂತ ಹುಡುಗ 2025ರಲ್ಲಿ 560 ಪಡೆದಿದ್ದರೆ ಅವನು ಹಿಂದೆ ಬಿದ್ದನೆಂದು ಮನೆಯವರು ಅಳುತ್ತಾರೆ. ರ‍್ಯಾಂಕಿನ ಪ್ರಕಾರ ಅವನು ಬಹಳ ದೂರ ಮುಂದೆ ಬಂದಿರುತ್ತಾನೆ. ಮರಳಿ ಬರೆಯುವ ಮಾತು ಬಂದಾಗ ಹೋಲಿಸಬೇಕಾದ್ದು ರ‍್ಯಾಂಕನ್ನು, ಅದೂ ತಮ್ಮ ರಾಜ್ಯದ ಪಟ್ಟಿಯಲ್ಲಿ ಹಿಂದಿನ ವರ್ಷ ಸೀಟು ಎಲ್ಲಿಗೆ ಮುಗಿದಿತ್ತು ಎಂಬುದನ್ನು.

ಎರಡನೆಯದು, ತಯಾರಿ ಚೆನ್ನಾಗಿದ್ದರೂ ಪರೀಕ್ಷೆಯೇ ಕೈಕೊಡಬಹುದು. 2015ರಲ್ಲಿ ಒಳಅಂಗಿಯಲ್ಲಿ ಹೊಲಿದ ಯಂತ್ರಗಳ ಮೂಲಕ ಉತ್ತರ ಪಡೆದವರು 44 ಮಂದಿ ಎಂದು ಪೊಲೀಸರು ಗುರುತಿಸಿದರು. ಜೂನ್ 15ರಂದು ಇಡೀ ಪರೀಕ್ಷೆ ರದ್ದಾಯಿತು. ಬರೆದಿದ್ದ ಆರು ಲಕ್ಷಕ್ಕೂ ಮೀರಿದ ಮಕ್ಕಳು ಜುಲೈ 25ರಂದು ಮತ್ತೆ ಬರೆದರು, ಚೆನ್ನಾಗಿ ಬರೆದವರೂ ಸೇರಿ. 2024ರಲ್ಲಿ ಇದೇ ಬೇಡಿಕೆ ಬಂದಾಗ, ಅಕ್ರಮ ಇಡೀ ಪರೀಕ್ಷೆಯನ್ನೇ ಕೆಡಿಸಿದೆ ಎನ್ನಲು ಆಧಾರ ಸಾಲದೆಂದು ಸರ್ವೋಚ್ಚ ನ್ಯಾಯಾಲಯ ಜುಲೈ 23ರಂದು ಮರುಪರೀಕ್ಷೆಯನ್ನು ನಿರಾಕರಿಸಿತು. ಆದರೆ ಕೆಲವು ಕೇಂದ್ರಗಳಲ್ಲಿ ಸಮಯ ನಷ್ಟವಾದದ್ದಕ್ಕೆ ಕೃಪಾಂಕ ಪಡೆದಿದ್ದ 1,563 ಮಂದಿಗೆ ಮಾತ್ರ ಒಂದು ಆಯ್ಕೆ ದೊರೆತಿತ್ತು: ಕೃಪಾಂಕ ಕಳೆದು ಉಳಿದ ಅಂಕವನ್ನು ಒಪ್ಪಿಕೊಳ್ಳಿ, ಇಲ್ಲವೇ ಜೂನ್ 23ರಂದು ಮತ್ತೆ ಬರೆಯಿರಿ. ಬರೆದವರು 813, ಬರೆಯದವರು 750. ಈ ಎರಡು ಅಂಕಿಗಳನ್ನು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಖರ್ಚಿಲ್ಲ, ವರ್ಷ ಕಳೆಯುವುದಿಲ್ಲ, ಓದಿದ್ದು ಇನ್ನೂ ಹಸಿಯಾಗಿಯೇ ಇದೆ. ಆದರೂ ಹತ್ತಿರ ಹತ್ತಿರ ಅರ್ಧದಷ್ಟು ಮಕ್ಕಳು ಬೇಡವೆಂದರು. ಬೇಡವೆಂದವರೆಲ್ಲ ಸೋಮಾರಿಗಳಲ್ಲ. ತಮ್ಮ ಮಟ್ಟ ತಮಗೆ ತಿಳಿದವರೂ ಅವರಲ್ಲಿ ಇದ್ದಿರಬೇಕು.

ಮೂರನೆಯ ಸಲ, ನಾಲ್ಕನೆಯ ಸಲ ಎಂಬುದರ ಬದಲು ವಿದೇಶಕ್ಕೆ ಕಳಿಸುವವರೂ ನಮ್ಮಲ್ಲಿದ್ದಾರೆ. 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್ ನಗರದಲ್ಲಿ ಶೆಲ್ ದಾಳಿಗೆ ಬಲಿಯಾದ ಹಾವೇರಿ ಜಿಲ್ಲೆಯ ವಿದ್ಯಾರ್ಥಿಯನ್ನು ಯಾವ ಕನ್ನಡಿಗನೂ ಮರೆತಿರಲಾರ. ಪಿ.ಯು.ಸಿ.ಯಲ್ಲಿ ಒಳ್ಳೆಯ ಅಂಕ ಪಡೆದರೂ ಇಲ್ಲಿಯ ಖಾಸಗಿ ಸೀಟಿನ ಹಣ ಹೊಂದಿಸಲಾಗದೆ ಹೊರಗೆ ಕಳಿಸಿದೆವೆಂದು ಅವನ ತಂದೆ ಹೇಳಿದ್ದು ಎಲ್ಲ ಪತ್ರಿಕೆಗಳಲ್ಲೂ ಬಂತು.

ಮೂರನೆಯದು ನಮ್ಮಂಥವರಿಗೇ ಮೀಸಲಾದ ಸಂಗತಿ. ಪರೀಕ್ಷೆ ಒಂದೇ ಆದರೂ ಸೀಟುಗಳು ಒಂದೇ ಆಗಲಿಲ್ಲ. ರಾಜ್ಯಗಳ ಸರ್ಕಾರಿ ಕಾಲೇಜುಗಳಲ್ಲಿ ಶೇಕಡಾ 15 ಮಾತ್ರ ಇಡೀ ದೇಶದ್ದು. ಉಳಿದ 85ಕ್ಕೆ ‘ನೀನು ಯಾವ ರಾಜ್ಯದವನು’ ಎಂಬ 1971ರ ಪ್ರಶ್ನೆಯೇ ಇವತ್ತಿಗೂ ನಿಂತಿದೆ. ಮಹಾರಾಷ್ಟ್ರ ವಾಸ್ತವ್ಯದ ಪ್ರಮಾಣಪತ್ರದ ಜೊತೆಗೆ ಹತ್ತನೆಯದನ್ನೂ ಹನ್ನೆರಡನೆಯದನ್ನೂ ಅಲ್ಲಿಯೇ ಪಾಸು ಮಾಡಿರಬೇಕೆನ್ನುತ್ತದೆ. ಕೇಂದ್ರ ನೌಕರರ ಮಕ್ಕಳಿಗೆ ಕೆಲವು ವಿನಾಯಿತಿಗಳಿವೆ. ದಿಲ್ಲಿ ಹನ್ನೊಂದು ಹನ್ನೆರಡನ್ನು ಅಲ್ಲಿಯ ಶಾಲೆಯಲ್ಲಿ ಓದಿರಬೇಕೆನ್ನುತ್ತದೆ. ತೆಲಂಗಾಣ ಕೊನೆಯ ನಾಲ್ಕು ವರ್ಷ ಸತತವಾಗಿ ಅಲ್ಲಿಯೇ ಓದಿರಬೇಕೆಂದು 2024ರಲ್ಲಿ ನಿಯಮ ಬಿಗಿ ಮಾಡಿತು. ಸರ್ವೋಚ್ಚ ನ್ಯಾಯಾಲಯ 2025ರ ಸೆಪ್ಟೆಂಬರ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ಅದೇ ವರ್ಷದ ಜನವರಿಯಲ್ಲಿ ಅದೇ ನ್ಯಾಯಾಲಯ ಸ್ನಾತಕೋತ್ತರ ವೈದ್ಯಕೀಯ ಸೀಟುಗಳಿಗೆ ವಾಸ್ತವ್ಯದ ಮೀಸಲಾತಿ ಸಲ್ಲದೆಂದು ಹೇಳಿತ್ತು. ಎಂ.ಡಿ.ಗೆ ಭಾರತ ಒಂದು, ಎಂ.ಬಿ.ಬಿ.ಎಸ್.ಗೆ ಹಲವು. ಮರಳಿ ಬರೆಯುವ ವರ್ಷವನ್ನು ಕೋಟಾದಲ್ಲಿ ಕಳೆದರೂ ಮಂಗಳೂರಿನಲ್ಲಿ ಕಳೆದರೂ, ಹನ್ನೆರಡನೆಯ ತರಗತಿ ಎಲ್ಲಿ ಮುಗಿಯಿತೋ ಆ ಗುರುತು ಅಳಿಸುವುದಿಲ್ಲ. ಒಂದು ರಾಜ್ಯದಲ್ಲಿ ಹತ್ತನೆಯದು, ಇನ್ನೊಂದರಲ್ಲಿ ಹನ್ನೆರಡನೆಯದು ಮುಗಿಸಿ ಎರಡೂ ಕಡೆ ಪರಕೀಯಳಾದ ಮಗಳಿಗೆ ಮರಳಿ ಬರೆಯುವುದೆಂದರೆ ಆ ಹದಿನೈದರ ಸಾಲಿನಲ್ಲೇ ನಿಲ್ಲುವುದು. ಕೋಚಿಂಗ್ ಸಂಸ್ಥೆಯ ಜಾಹೀರಾತಿನಲ್ಲಿ ಇದು ಬರೆದಿರುವುದಿಲ್ಲ. ಹಣ ಕಟ್ಟುವ ಮುಂಚೆ ತಂದೆಯಾದವನು ಆಯಾ ವರ್ಷದ ನಿಯಮ ಪುಸ್ತಕವನ್ನು ಕುಳಿತು ಓದಬೇಕು.

ಕರ್ನಾಟಕದ ನಿಯಮದ ಮುಖ್ಯ ಬಾಗಿಲು ಏಳು ವರ್ಷ ಅಲ್ಲಿ ಓದಿ, ಎಸ್.ಎಸ್.ಎಲ್.ಸಿ. ಅಥವಾ ಪಿ.ಯು.ಸಿ.ಯನ್ನು ಅಲ್ಲಿಯೇ ಪಾಸು ಮಾಡಿದವರಿಗೆ. ಪಕ್ಕದಲ್ಲಿ ಸಣ್ಣ ಬಾಗಿಲುಗಳೂ ಇವೆ: ವರ್ಗಾವಣೆಯ ನೌಕರಿಯವರ ಮಕ್ಕಳಿಗೆ ಒಂದು, ಗಡಿನಾಡಿನವರಿಗೆ ಒಂದು, ಹೊರನಾಡು ಕನ್ನಡಿಗರಿಗೆ ಒಂದು. ಪ್ರತಿಯೊಂದಕ್ಕೂ ಅದರದರ ಷರತ್ತುಗಳಿವೆ. ಹೊರನಾಡು ಮತ್ತು ಗಡಿನಾಡಿನ ವಿದ್ಯಾರ್ಥಿಗಳ ಮಾತೃಭಾಷೆ ಕನ್ನಡ, ತುಳು ಅಥವಾ ಕೊಡವ ಆಗಿರಬೇಕು. ಜೊತೆಗೆ ಪರೀಕ್ಷಾ ಪ್ರಾಧಿಕಾರ ನಡೆಸುವ ಕನ್ನಡ ಭಾಷಾ ಪರೀಕ್ಷೆಯಲ್ಲಿ ಪಾಸಾಗಬೇಕು. ಅದರ ಮಟ್ಟ ಪ್ರಾಥಮಿಕ ಶಾಲೆಯ ಮಟ್ಟ, ಹೆದರುವಂಥದ್ದೇನೂ ಅಲ್ಲ. ಆದರೂ ಒತ್ತಕ್ಷರ ಬಾರದೆ ಒದ್ದಾಡುವ ಮಕ್ಕಳು ನಮ್ಮಲ್ಲಿ ಇದ್ದಾರೆ. ನೀಟಿಗೆ ಎರಡು ವರ್ಷ ಓದಿಸುವ ಮನೆಯಲ್ಲಿ ಇದಕ್ಕೆ ಎರಡು ತಿಂಗಳ ಭಾನುವಾರಗಳು ಸಾಕು. ಸಂಘದ ಕನ್ನಡ ತರಗತಿ ನಡೆಯುತ್ತಿರುವುದೂ ಭಾನುವಾರ ಬೆಳಿಗ್ಗೆಯೇ.